ಬಿಳಿ ಭಾಗ ಸಪ್ಪೆ ಅನ್ನುವವರಿಗೆ

ಎರಡು ಬಣ್ಣದ ಬಿಸ್ಕತ್ತನ್ನು ತಟ್ಟೆಗೆ ಹಾಕಿ ನಾಲ್ಕು ಜನರ ಮುಂದೆ ಇಟ್ಟು ನೋಡಿ. ಎಲ್ಲರ ಬಾಯಲ್ಲೂ ಒಂದೇ ಮಾತು. ಚಾಕೊಲೇಟ್ ಸೂಪರ್! ಬಿಳಿ ಭಾಗದ ಬಗ್ಗೆ ಯಾರೂ ತುಟಿಪಿಟಿಕ್ಕೆನ್ನುವುದಿಲ್ಲ. ನಾವಾಗಿಯೇ ಕೇಳಿದರೆ "ಅದು ಸುಮ್ನೆ ಡಿಸೈನ್‌ಗೆ ಅಲ್ವಾ?" ಅನ್ನುತ್ತಾರೆ. ನನ್ನ ಗೆಳತಿಯೊಬ್ಬಳಿದ್ದಾಳೆ, ಸುರುಳಿಯಲ್ಲಿನ ಕಂದು ಪಟ್ಟಿಯನ್ನಷ್ಟೇ ತಾಳ್ಮೆಯಿಂದ ಕಡಿದು ತಿಂದು, ಬಿಳಿ ಚೂರುಗಳನ್ನು ಸಾಸರಿನ ಅಂಚಿಗೆ ಸರಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ಕಾಫಿ ಕುಡಿಯುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಬಿಳಿ ಭಾಗ ಅಂದರೆ ವೆನಿಲ್ಲಾ. ಆ ಬಿಸ್ಕತ್ತಿನಲ್ಲಿ ದುಬಾರಿ ಭಾಗ ಅದೇ, ಕಷ್ಟದ ಭಾಗವೂ ಅದೇ.

ನಮ್ಮದು ಚಿಕ್ಕಮಗಳೂರು. ಕಾಲೇಜಿನಲ್ಲಿ ಒಟ್ಟಿಗೆ ಓದಿದವರು ಕೆಲವರು ಇಲ್ಲೇ ಉಳಿದುಕೊಂಡಿದ್ದೇವೆ. ಒಬ್ಬಳು ಹೈಸ್ಕೂಲ್ ಟೀಚರ್. ಒಬ್ಬಳಿಗೆ ಎಂ.ಜಿ. ರಸ್ತೆಯ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ. ಇನ್ನೊಬ್ಬಳು ಆಲ್ದೂರಿನ ಕಡೆ ತೋಟ ನೋಡಿಕೊಳ್ಳುತ್ತಾಳೆ, ಬಿಳಿ ಭಾಗ ಬಿಡುವವಳು ಇವಳೇ. ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಮಾತು ಹೂಮಳೆಯಿಂದ ಶುರುವಾಗಿ, ಕಾಫಿ ರೇಟಿಗೆ ಬಂದು, ಆನೆ ಯಾರ ತೋಟಕ್ಕೆ ನುಗ್ಗಿತು ಅನ್ನುವಲ್ಲಿಗೆ ಹೋಗಿ, ಕೊನೆಗೆ ಅತ್ತೆಯರ ಮೇಲೆ ಬಂದು ನಿಲ್ಲುತ್ತದೆ. ಕಾಫಿ ಆ ಮನೆಯವರದ್ದು. ತಿಂಡಿ ಉಳಿದವರು ತರಬೇಕು.

ಬೇಕರಿಯಿಂದ ತಂದರೂ ನಡೆಯುತ್ತದೆ. ನಮ್ಮ ಕಡೆಯ ಬೇಕರಿಗಳನ್ನು ಕಡಿಮೆ ಅಂದಾಜು ಮಾಡಬೇಡಿ. ಬೆಂಗಳೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟವರು ನಮ್ಮ ಪಕ್ಕದ ಹಾಸನ ಜಿಲ್ಲೆಯಿಂದ ಹೋದ ಕುಟುಂಬಗಳೇ. ಬೆಣ್ಣೆ ಬಿಸ್ಕತ್, ಖಾರಾ ಬಿಸ್ಕತ್ ನಾನು ಮನೆಯಲ್ಲಿ ಮಾಡುವುದೂ ಇಲ್ಲ, ಅವರಷ್ಟು ಚೆನ್ನಾಗಿ ಬರುವುದೂ ಇಲ್ಲ. ಆದರೆ ಈ ಎರಡು ಬಣ್ಣದ ಸುರುಳಿ ಬಿಸ್ಕತ್ ಮಾತ್ರ ಮನೆಯಲ್ಲೇ ಆಗಬೇಕು. ಅಂಗಡಿಯದರಲ್ಲಿ ಬಿಳಿ ಭಾಗ ನಿಜವಾಗಿಯೂ ಡಿಸೈನ್‌ಗೆ ಇರುತ್ತದೆ. ನನ್ನ ಗೆಳತಿಯರ ಅಭಿಪ್ರಾಯ ಅಲ್ಲಿಂದಲೇ ಬಂದಿದ್ದು ಅನ್ನಿಸುತ್ತದೆ.

ಮಾಡುವ ವಿಧಾನ ಹೇಳುತ್ತೇನೆ. ಮೊಟ್ಟೆ ಇಲ್ಲದ ವಿಧಾನ ಇದು. ನಮ್ಮ ಗುಂಪಿನಲ್ಲಿ ಇಬ್ಬರು ಮೊಟ್ಟೆ ಮುಟ್ಟುವುದಿಲ್ಲ.

ಮುಖ್ಯ ವಿಷಯ ಏನೆಂದರೆ ಎರಡು ಬಣ್ಣಕ್ಕೆ ಎರಡು ಬೇರೆ ಬೇರೆ ಹಿಟ್ಟು ಕಲಸಬಾರದು. ಒಂದೇ ಹಿಟ್ಟು ಅರ್ಧ ದಾರಿ ಬಂದ ಮೇಲೆ ಕವಲೊಡೆಯಬೇಕು. ಉಪ್ಪಿಲ್ಲದ ಬೆಣ್ಣೆ 160 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿದ ಸಕ್ಕರೆ 100 ಗ್ರಾಂ, ಒಂದು ಚಿಟಿಕೆ ಉಪ್ಪು, ಒಂದು ಟೀ ಚಮಚ ವೆನಿಲ್ಲಾ. ಇಷ್ಟನ್ನು ಸೌಟಿನಲ್ಲಿ ಚೆನ್ನಾಗಿ ನಾದಿ, ಬೆಳ್ಳಗೆ ಹಗುರಾಗುವ ತನಕ. ಆಮೇಲೆ ತಕ್ಕಡಿಯಲ್ಲಿ ತೂಗಿ ಎರಡು ಪಾಲು ಮಾಡಿ, ತಲಾ 130 ಗ್ರಾಂ ಬರುತ್ತದೆ. ಕಣ್ಣಳತೆ ಬೇಡ. ಒಂದು ಪಾಲಿಗೆ 125 ಗ್ರಾಂ ಮೈದಾ. ಇನ್ನೊಂದಕ್ಕೆ 105 ಗ್ರಾಂ ಮೈದಾ, 20 ಗ್ರಾಂ ಕೋಕೋ ಪುಡಿ.

ಇಲ್ಲಿ ಸ್ವಲ್ಪ ನಿಲ್ಲಿ. ಕೋಕೋವನ್ನು ಮೈದಾದ ಮೇಲೆ ಎಕ್ಸ್‌ಟ್ರಾ ಅಂತ ಹಾಕಬೇಡಿ, ಅಷ್ಟು ಮೈದಾ ತೆಗೆದು ಅದರ ಜಾಗಕ್ಕೆ ಹಾಕಿ. ಕೋಕೋ ಪುಡಿ ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಮೇಲಿಂದ ಸುರಿದರೆ ಕಂದು ಹಿಟ್ಟು ಗಟ್ಟಿಯಾಗಿ ಒಡೆಯುತ್ತದೆ, ಬಿಳಿ ಹಿಟ್ಟು ಮೆತ್ತಗೇ ಇರುತ್ತದೆ, ಎರಡನ್ನೂ ಒಟ್ಟಿಗೆ ಸುತ್ತುವಾಗ ಒಂದು ಜಾರಿ ಹೊರಗೆ ಬರುತ್ತದೆ, ಇನ್ನೊಂದು ಬಿರುಕು ಬಿಡುತ್ತದೆ. ಹಿಟ್ಟು ಒಟ್ಟುಗೂಡಲು ಸ್ವಲ್ಪ ಹಾಲು ಬೇಕು, ಬಿಳಿಗೆ ಒಂದು ಟೀ ಚಮಚ ಸಾಕಾದರೆ ಕಂದಿಗೆ ಎರಡು ಬೇಕಾಗಬಹುದು. ಬೆರಳಿನಿಂದ ಒತ್ತಿ ನೋಡಿ, ಎರಡೂ ಒಂದೇ ಥರ ತಗ್ಗಬೇಕು. ಈ ಬಿಸ್ಕತ್ತಿನ ಅರ್ಧ ಕೆಲಸ ಆ ಬೆರಳಿನಲ್ಲೇ ಇದೆ. ಇನ್ನೊಂದು, ಮೈದಾ ಹಾಕಿದ ಮೇಲೆ ಚಪಾತಿ ಹಿಟ್ಟು ನಾದಿದ ಹಾಗೆ ನಾದಬೇಡಿ. ಒಟ್ಟುಗೂಡಿದರೆ ಸಾಕು. ನಾದಿದಷ್ಟೂ ಬಿಸ್ಕತ್ ಬಿರುಸಾಗುತ್ತದೆ.

ಬೆಣ್ಣೆಯ ಬಗ್ಗೆಯೂ ಒಂದು ಮಾತು. ಊರಿಂದ ಬರುವ ಕಡೆದ ಬೆಣ್ಣೆ ಅಂದರೆ ನನಗೆ ಪ್ರಾಣ, ಆದರೆ ಅದು ರೊಟ್ಟಿಗೆ. ಅದರಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ, ಒಂದು ಸಲ ಇದ್ದಷ್ಟು ಇನ್ನೊಂದು ಸಲ ಇರುವುದಿಲ್ಲ. ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಕೊಬ್ಬು ಇರಲೇಬೇಕು ಅನ್ನುವ ನಿಯಮ ಇದೆ, ಹಾಗಾಗಿ ಅಳತೆ ಕೈ ಕೊಡುವುದಿಲ್ಲ. ತುಪ್ಪ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ತುಪ್ಪದಲ್ಲಿ ನೀರೇ ಇಲ್ಲ, ಹಿಟ್ಟು ಲಟ್ಟಿಸಲು ಹೋದರೆ ಪುಡಿಪುಡಿ. ನಾನ್‌ಖಟಾಯಿಯನ್ನು ಉಂಡೆ ಮಾಡಿ ತಟ್ಟುವುದು ಯಾಕೆ, ಲಟ್ಟಿಸುವುದಿಲ್ಲ ಯಾಕೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ.

ಈಗ ಲಟ್ಟಿಸುವುದು. ಹಾಲಿನ ಪ್ಯಾಕೆಟ್ ಕತ್ತರಿಸಿ ತೊಳೆದು ಇಟ್ಟುಕೊಂಡಿರುತ್ತೀರಲ್ಲ, ಅದು ಹೋಳಿಗೆಗೆ ಸರಿ, ಇದಕ್ಕೆ ಸ್ವಲ್ಪ ದೊಡ್ಡ ಹಾಳೆ ಬೇಕು. ಎರಡು ಹಾಳೆಯ ನಡುವೆ ಹಿಟ್ಟಿಟ್ಟು 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ ಬರುವ ಹಾಗೆ ಲಟ್ಟಿಸಿ. ಕಂದು ಕೆಳಗೆ, ಬಿಳಿ ಮೇಲೆ. ಸುತ್ತಿದಾಗ ಹೊರಗೆ ಕಂದು ಬರುತ್ತದೆ, ಒಳಗೆ ಬಿಳಿ. ಎರಡರ ನಡುವೆ ಬೆರಳಲ್ಲಿ ತೆಳ್ಳಗೆ ಹಾಲು ಸವರಿ. ಆಮೇಲೆ ಉದ್ದ ಬದಿಯಿಂದ, ಹಾಳೆಯನ್ನೇ ಎತ್ತಿ ಹಿಡಿದು, ಪತ್ರೊಡೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತಾ ಹೋಗಿ. ಮೊದಲ ಸುತ್ತು ಬಿಗಿ ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಮಲೆನಾಡಿನ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕೆಸುವಿನ ಎಲೆಯಲ್ಲಿ ಕೈ ಪಳಗಿದೆ.

ಸುತ್ತಿದ್ದನ್ನು ಫ್ರಿಜ್‌ನಲ್ಲಿ ಎರಡು ಗಂಟೆ ಇಡಿ. ಡಿಸೆಂಬರ್‌ನಲ್ಲಿ ನಮ್ಮೂರಿನ ಅಡುಗೆಮನೆಯೇ ಫ್ರಿಜ್, ಆದರೂ ಒಳಗೆ ಇಡುವುದು ಒಳ್ಳೆಯದು. ಕತ್ತರಿಸುವಾಗ ತೆಳುವಾದ ಹರಿತ ಚಾಕು ಬೇಕು. ಒಂದು ಬಿಲ್ಲೆ ಕತ್ತರಿಸಿದ ಮೇಲೆ ಉರುಳೆಯನ್ನು ಸ್ವಲ್ಪ ತಿರುಗಿಸಿ, ಇನ್ನೊಂದು ಕತ್ತರಿಸಿ, ಮತ್ತೆ ತಿರುಗಿಸಿ. ಒಂದೇ ಕಡೆ ಒತ್ತುತ್ತಾ ಹೋದರೆ ತಳ ಚಪ್ಪಟೆಯಾಗಿ ಬಿಸ್ಕತ್ ಗೂಡಂಗಡಿಯ ಬ್ರೆಡ್ ಆಕಾರಕ್ಕೆ ಬರುತ್ತದೆ. 6 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಸುಮಾರು 40 ಬಿಸ್ಕತ್ ಆಗುತ್ತದೆ. ಚದುರಂಗದ ಮಣೆಯಂತೆ ಚೌಕ ಚೌಕ ಜೋಡಿಸುವ ವಿಧಾನವೂ ಇದೆ. ನೋಡಲು ಚೆಂದ. ಸ್ಕೇಲ್ ಹಿಡಿದು ಪಟ್ಟಿ ಕತ್ತರಿಸಿ ಅಂಟಿಸುತ್ತಾ ಕೂರುವ ವ್ಯವಧಾನ ನನಗಿಲ್ಲ. ಇರುವವರು ಮಾಡಿ.

ಓಟಿಜಿಯನ್ನು (ಕರೆಂಟಿನ ಪುಟ್ಟ ಓವನ್) 170 ಡಿಗ್ರಿಗೆ ಮೊದಲೇ ಕಾಯಿಸಿಟ್ಟು 12ರಿಂದ 14 ನಿಮಿಷ. ಆದರೆ ಗಡಿಯಾರ ನಂಬಬೇಡಿ, ಬಿಳಿ ಭಾಗ ನೋಡಿ. ಚಾಕೊಲೇಟ್ ಭಾಗ ಬೆಂದಿದೆಯಾ, ಸೀದಿದೆಯಾ ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಒಳಗಿಟ್ಟಾಗಲೂ ಕಂದು, ತೆಗೆದಾಗಲೂ ಕಂದು. ಸೀದ ಕೋಕೋ ಕಹಿ ಬಾಯಿಗೆ ಬಂದ ಮೇಲೇ ಗೊತ್ತಾಗುವುದು. ಬಿಳಿ ಭಾಗದ ಅಂಚಿನಲ್ಲಿ ತಿಳಿ ಹೊಂಬಣ್ಣದ ಒಂದು ಗೆರೆ ಕಾಣಿಸಿತು ಅಂದರೆ ಆ ಕ್ಷಣ ತೆಗೆಯಬೇಕು. ಮಧ್ಯ ಇನ್ನೂ ಮೆತ್ತಗಿದೆ ಅನ್ನಿಸುತ್ತದೆ, ಗಾಬರಿ ಬೇಡ, ಟ್ರೇಯ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ನಿಮ್ಮ ಚಾಕೊಲೇಟ್ ಸೂಪರ್ ಆಗಿದ್ದರೆ ಅದನ್ನು ಕಾಪಾಡಿದ್ದು ಪಕ್ಕದಲ್ಲಿದ್ದ ಬಿಳಿ ಪಟ್ಟಿ, ತಿಳಿಯಿತಾ?

ಮಳೆಗಾಲದಲ್ಲಿ ಇನ್ನೊಂದು ತಲೆನೋವು, ಕರೆಂಟ್. ಟ್ರೇ ಒಳಗೆ ಹೋದ ಐದನೇ ನಿಮಿಷಕ್ಕೇ ಕರೆಂಟ್ ಹೋಗುತ್ತದೆ, ಓಟಿಜಿಯ ಭಾರವನ್ನು ಮನೆಯ ಯುಪಿಎಸ್ ತಡೆಯುವುದಿಲ್ಲ. ಜೂನ್, ಜುಲೈನಲ್ಲಿ ನಾನು ಬಿಲ್ಲೆ ಕತ್ತರಿಸುವುದಕ್ಕೇ ಹೋಗುವುದಿಲ್ಲ. ಉರುಳೆ ಸುತ್ತಿ ಫ್ರೀಜರ್‌ನಲ್ಲಿ ಇಟ್ಟಿರುತ್ತೇನೆ, ಕರೆಂಟ್ ಗಟ್ಟಿ ಇದೆ ಅನ್ನಿಸಿದ ದಿನ ಬೇಯಿಸುವುದು.

ಇನ್ನು ವೆನಿಲ್ಲಾ. ಇದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದು.

ನಮ್ಮ ಅಜ್ಜಿ ಮನೆ ಮೂಡಿಗೆರೆ ಹತ್ತಿರ. 2000ದ ಆಚೀಚೆ ಹುಟ್ಟಿದವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಮಲೆನಾಡಿಗೆ ವೆನಿಲ್ಲಾ ಹುಚ್ಚು ಹಿಡಿದಿತ್ತು. 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರ್‌ಗೆ ದೊಡ್ಡ ಚಂಡಮಾರುತ ಹೊಡೆಯಿತು. ಲೋಕದ ವೆನಿಲ್ಲಾದಲ್ಲಿ ಸಿಂಹಪಾಲು ಆ ದ್ವೀಪದ್ದು. ಅಲ್ಲಿ ಬಳ್ಳಿ ನೆಲಕಚ್ಚಿತು, ಇಲ್ಲಿ ರೇಟು ಏರಿತು. ಹಸಿ ಕಾಯಿಗೇ ಕೆಜಿಗೆ ಸಾವಿರಾರು ರೂಪಾಯಿ. ಬಳ್ಳಿಯ ತುಂಡನ್ನು ಅಳೆದು ಮಾರುತ್ತಿದ್ದರು. ಅಡಿಕೆ ತೋಟದವರು, ಕಾಫಿ ತೋಟದವರು, ಹಿತ್ತಲಲ್ಲಿ ಬಳ್ಳಿ ಹಬ್ಬಿಸಲು ನಾಲ್ಕು ಗ್ಲಿರಿಸಿಡಿಯಾ ಮರದ ಗೂಟ ಇದ್ದವರು, ಎಲ್ಲರೂ ಹಬ್ಬಿಸಿದರು. ಕಳ್ಳರ ಕಾಟ ಶುರುವಾಯಿತು. ನಮ್ಮ ಚಿಕ್ಕಪ್ಪ ರಾತ್ರಿ ಬ್ಯಾಟರಿ ಹಿಡಿದು, ನಾಯಿ ಕಟ್ಟಿಕೊಂಡು ಕಾವಲು ಕೂರುತ್ತಿದ್ದರು. ಕಾಫಿಗೂ ಅಷ್ಟು ಕಾವಲು ಇರಲಿಲ್ಲ.

ಆ ಹೂವಿನ ಕೆಲಸ ನೋಡಬೇಕು ನೀವು. ವೆನಿಲ್ಲಾ ಮೆಕ್ಸಿಕೋ ಕಡೆಯ ಆರ್ಕಿಡ್ ಬಳ್ಳಿ. ಅದರ ಹೂವಿನ ಕೆಲಸ ಗೊತ್ತಿರುವ ಜೇನು ಅಲ್ಲಿದೆ, ನಮ್ಮ ಕಡೆ ಇಲ್ಲ. ಹಾಗಾಗಿ ಪ್ರತಿ ಹೂವಿಗೂ ಮನುಷ್ಯರೇ ಜೇನಾಗಬೇಕು. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಇರುವುದು ಆ ಒಂದು ಹೊತ್ತು. ಅಜ್ಜಿ ಹಿಡಿಕಡ್ಡಿಯನ್ನು ಚೂಪು ಮಾಡಿಕೊಂಡು, ಹಸಿರು ಮಿಶ್ರಿತ ಹಳದಿ ಹೂವಿನ ದಳವನ್ನು ಸೀಳಿ, ಒಳಗೆ ಗಂಡು ಹೆಣ್ಣು ಎರಡರ ನಡುವೆ ಇರುವ ಚಿಕ್ಕ ಪರದೆಯನ್ನು ಕಡ್ಡಿಯಲ್ಲಿ ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದರು. ಅಷ್ಟೇ. ಮುಂದಿನ ಹೂ. ಕೈ ಕೂತ ಮೇಲೆ ಒಂದು ಹೂವಿಗೆ ಕೆಲವೇ ಸೆಕೆಂಡು. ಒಂದು ಗೊಂಚಲಿನಲ್ಲಿ 15, 20 ಹೂ ಇದ್ದರೂ ಎಂಟೋ ಹತ್ತೋ ಮಾತ್ರ ಮಾಡಿ ಉಳಿದದ್ದು ಬಿಡಬೇಕು, ಇಲ್ಲದಿದ್ದರೆ ಕಾಯಿ ಸಣಕಲು. ಈ ಉಪಾಯ ಕಂಡುಹಿಡಿದದ್ದು ಯಾವ ವಿಜ್ಞಾನಿಯೂ ಅಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ, ಎಡ್ಮಂಡ್ ಆಲ್ಬಿಯಸ್ ಅನ್ನುವ 12 ವರ್ಷದ ಜೀತದ ಹುಡುಗ. ಇವತ್ತಿಗೂ ಲೋಕವೆಲ್ಲ ಮಾಡುವುದು ಅವನು ತೋರಿಸಿದ ಹಾಗೆಯೇ. ಅಜ್ಜಿ ಮಾಡುತ್ತಿದ್ದದ್ದೂ ಅದನ್ನೇ, ಅವನ ಹೆಸರು ಕೇಳದೆ.

ಒಂಬತ್ತು ತಿಂಗಳು ಕಾದರೆ ಕಾಯಿ ಬಲಿಯುತ್ತದೆ. ಹುರುಳಿಕಾಯಿಯ ಗಾತ್ರದ ಹಸಿರು ಕಾಯಿ, ಮೂಸಿದರೆ ಏನೂ ವಾಸನೆ ಇಲ್ಲ! ಮಕ್ಕಳಾಗಿದ್ದ ನಮಗೆ ದೊಡ್ಡ ನಿರಾಸೆ. ಐಸ್ ಕ್ರೀಂ ವಾಸನೆ ಬರುತ್ತದೆ ಅಂದುಕೊಂಡಿದ್ದೆವು. 65 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿ, ಮತ್ತೆ ಸುತ್ತಿ, ಆಮೇಲೆ ನೆರಳಲ್ಲಿ ಒಣಗಿಸಿ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಮೇಲೆ ಕಪ್ಪಗೆ ಎಣ್ಣೆ ಎಣ್ಣೆಯಾಗಿ ಆ ಘಮ ಬರುತ್ತದೆ. ಐದಾರು ಕೆಜಿ ಹಸಿ ಕಾಯಿ ಒಂದು ಕೆಜಿಗೆ ಇಳಿಯುತ್ತದೆ. ಕಾಫಿ ಊರಿನವರಿಗೆ ಇದು ಆಶ್ಚರ್ಯ ಆಗಬಾರದು ನೋಡಿ, ನಮ್ಮ ಕಾಫಿ ಬೀಜವೂ ಹುರಿಯುವ ತನಕ ಒಣಹುಲ್ಲಿನ ವಾಸನೆಯೇ. ಕೋಕೋ ಕೂಡ ಹಾಗೇ. ಹಣ್ಣಿನ ಒಳಗಿನ ಬೀಜಕ್ಕೆ ಚಾಕೊಲೇಟಿನ ಸುಳಿವೂ ಇರುವುದಿಲ್ಲ, ವಾರದಷ್ಟು ಹುಳಿಸಿ, ಒಣಗಿಸಿ, ಹುರಿದರೆ ಮಾತ್ರ.

ಆಮೇಲೆ ಏನಾಯಿತು ಅಂತ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮಡಗಾಸ್ಕರ್ ಚೇತರಿಸಿಕೊಂಡಿತು, ಕೊಳ್ಳುವ ಕಂಪನಿಗಳು ಕೃತಕ ವೆನಿಲ್ಲಾ ಕಡೆ ತಿರುಗಿದವು, 2004ರ ನಂತರ ರೇಟು ಪಾತಾಳಕ್ಕೆ ಬಿತ್ತು. ಅದರ ಜೊತೆಗೆ ಬೇರು ಕೊಳೆ ರೋಗ. ಚಿಕ್ಕಪ್ಪ ನಾಯಿ ಬಿಚ್ಚಿದರು, ಬಳ್ಳಿ ಕಿತ್ತರು, ಕಾಳುಮೆಣಸು ಹಬ್ಬಿಸಿದರು. ಅಂಥ ಬೆಳೆಯನ್ನು ಸಪ್ಪೆ ಅನ್ನುತ್ತಾಳೆ ನನ್ನ ಗೆಳತಿ, ಅದೂ ತೋಟದವಳು!

ಅವಳ ತಪ್ಪು ಪೂರ್ತಿ ಅಲ್ಲ. ನಾವು ಅಂಗಡಿಯಿಂದ ತರುವ ಬಾಟಲಿಯ ಎಸೆನ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದು ಕೃತಕ ವೆನಿಲಿನ್, ವೆನಿಲ್ಲಾ ಘಮದ ಮುಖ್ಯ ರಾಸಾಯನಿಕ ಅದು. 1874ರಲ್ಲೇ ಜರ್ಮನಿಯವರು ಅದನ್ನು ಪೈನ್ ಮರದ ರಸದಿಂದ ತಯಾರಿಸಿದ್ದರು. ನಿಜವಾದ ಕಾಯಿಯಲ್ಲಿ ವೆನಿಲಿನ್ ಜೊತೆ ಇನ್ನೂ ನೂರಾರು ಸಣ್ಣಪುಟ್ಟ ಘಮಗಳಿವೆ. ಹಾಗಂತ ಎಸೆನ್ಸ್ ಹಾಕಿದರೆ ಪಾಪ ಅಂತ ನಾನು ಹೇಳುವುದಿಲ್ಲ. ಓವನ್ ಬಿಸಿಗೆ ನಿಜವಾದ ವೆನಿಲ್ಲಾದ ಘಮವೂ ಎಷ್ಟೋ ಹಾರಿ ಹೋಗುತ್ತದೆ, ಕಂದು ಭಾಗದಲ್ಲಂತೂ ವ್ಯತ್ಯಾಸ ಹಿಡಿಯುವುದು ಕಷ್ಟ. ಹಾಗಾಗಿ ನನ್ನ ಲೆಕ್ಕ ಹೀಗಿದೆ. ಬೆಣ್ಣೆ ಸಕ್ಕರೆ ನಾದುವಾಗ ಒಂದು ಚಮಚ ಯಾವುದಾದರೂ ಆಗಲಿ. ಪಾಲು ಮಾಡಿದ ಮೇಲೆ ಬಿಳಿ ಪಾಲಿಗೆ ಅರ್ಧ ವೆನಿಲ್ಲಾ ಕಾಯಿ ಸೀಳಿ, ಚಾಕುವಿನ ಮೊಂಡು ಬದಿಯಲ್ಲಿ ಕೆರೆದು, ಒಳಗಿನ ಕಪ್ಪು ಬೀಜ ಸೇರಿಸಬೇಕು. ಬೆಣ್ಣೆ ಆ ಘಮವನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿ ಸಿಪ್ಪೆ ಬಿಸಾಡಬೇಡಿ, ಸಕ್ಕರೆ ಡಬ್ಬಿಗೆ ಹಾಕಿಡಿ. ನಾನು ಕೆಲವು ಕಾಯಿಗಳನ್ನು ಬ್ರಾಂದಿಯಲ್ಲೂ ಹಾಕಿಟ್ಟಿದ್ದೇನೆ, 100 ಎಂಎಲ್‌ಗೆ ಮೂರ್ನಾಲ್ಕು ಕಾಯಿ, ಆರು ತಿಂಗಳು ಕತ್ತಲೆಯಲ್ಲಿ. ಶೀತಕ್ಕೆ ಔಷಧಿ ಅಂತ ಇಟ್ಟಿದ್ದ ಬ್ರಾಂದಿ ಎಲ್ಲಿ ಹೋಯಿತು ಅಂತ ಮನೆಯವರು ಇನ್ನೂ ಹುಡುಕುತ್ತಿದ್ದಾರೆ.

ಮೊದಲು ಹೀಗೆ ಬೀಜ ಹಾಕಿ ತಂದಾಗ ಟೀಚರಮ್ಮ ಬಿಸ್ಕತ್ತನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಏನೇ ಇದು ಕಪ್ಪು ಚುಕ್ಕಿ? ಮೈದಾ ಹಳೇದಾ, ಹುಳ ಬಿದ್ದಿತ್ತಾ ಮಾರಾಯ್ತಿ?" ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ನಾನು ಬಾಯಿ ಬಡಿದುಕೊಂಡು ಕಥೆಯೆಲ್ಲ ಹೇಳಬೇಕಾಯಿತು. ತೋಟದವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ "ನಮ್ಮ ಮಾವನೂ ಹಾಕಿದ್ರು ಕಣೇ, ಸಾಲ ಮಾಡಿ" ಅಂದಳು. ಸಾಸರಿನ ಅಂಚಿನಲ್ಲಿದ್ದ ಬಿಳಿ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ. ಮುಂದಿನ ಸಲವೂ ಕಂದು ಪಟ್ಟಿಯಿಂದಲೇ ಶುರು ಮಾಡಿದಳು, ಆದರೆ ತಟ್ಟೆ ಖಾಲಿ ಮಾಡಿದಳು.

ಕೋಕೋ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಹೊಗಳುವವರು ಬೇಕಾದಷ್ಟು ಇದ್ದಾರೆ. ಘಟ್ಟದ ಕೆಳಗೆ ಅಡಿಕೆ ತೋಟದ ನಡುವೆ ಬೆಳೆಯುತ್ತಾರೆ, ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋದವರ ಚಾಕೊಲೇಟ್ ಫ್ಯಾಕ್ಟರಿ 1986ರಿಂದ ಇದೆ. ಕೊಳ್ಳುವಾಗ ಸಕ್ಕರೆ ಬೆರೆಸಿದ ಡ್ರಿಂಕಿಂಗ್ ಚಾಕೊಲೇಟ್ ತರಬೇಡಿ, ಬಣ್ಣವೂ ಬರುವುದಿಲ್ಲ, ಸಿಹಿಯೂ ಅತಿಯಾಗುತ್ತದೆ. ಬರೀ ಕೋಕೋ ಪುಡಿ ಬೇಕು. ಡಚ್ ಪ್ರೊಸೆಸ್ ಅಂತ ಬರೆದಿದ್ದರೆ ಹುಳಿ ಕಡಿಮೆ, ಬಣ್ಣ ಗಾಢ, ಈ ಬಿಸ್ಕತ್ತಿಗೆ ಅದೇ ಚೆಂದ. ಇದರಲ್ಲಿ ಸೋಡಾ ಇಲ್ಲವಾದ್ದರಿಂದ ಯಾವುದು ಹಾಕಿದರೂ ಉಬ್ಬುವ ವಿಷಯದಲ್ಲಿ ಏನೂ ಕೆಡುವುದಿಲ್ಲ. ಹಾಂ, ಕಂದು ಪಾಲಿನಲ್ಲೂ ವೆನಿಲ್ಲಾ ಇದೆ ಅನ್ನುವುದು ಮರೆಯಬೇಡಿ. ಚಾಕೊಲೇಟಿಗೆ ವೆನಿಲ್ಲಾ ಬೆರೆಸುವುದು ಅಜ್ಟೆಕರ ಕಾಲದಿಂದ ಬಂದದ್ದು, ಈಗಿನ ಚಾಕೊಲೇಟ್ ಬಾರ್‌ಗಳ ಹಿಂದೆ ಸಣ್ಣಕ್ಷರದಲ್ಲಿ ಓದಿ ನೋಡಿ.

ಹಂಚುವ ವಿಷಯ. ಪೂರ್ತಿ ಆರಿದ ಮೇಲೇ ಸ್ಟೀಲ್ ಡಬ್ಬಿಗೆ ಹಾಕಿ, ಬಿಸಿ ಇರುವಾಗ ಮುಚ್ಚಿದರೆ ಒಳಗೇ ಬೆವರುತ್ತದೆ. ಮಳೆಗಾಲದ ಥಂಡಿಗೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಆಗ 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಉರುಳೆಯ ಎರಡು ತುದಿಗಳು ಸೊಟ್ಟಪಟ್ಟ ಬರುತ್ತವೆ, ಅವನ್ನು ಕೊಡುವುದಿಲ್ಲ, ಅಡುಗೆಮನೆಯಲ್ಲಿ ನಿಂತುಕೊಂಡೇ ನಾನು ಖಾಲಿ ಮಾಡುತ್ತೇನೆ. ಡಬ್ಬಿ ನಮ್ಮಲ್ಲಿ ಖಾಲಿ ವಾಪಸ್ ಬರುವುದಿಲ್ಲ. ಹೊಲಿಗೆಯವಳ ಮನೆಯಿಂದ ಕೋಡುಬಳೆ ಬರುತ್ತದೆ, ಟೀಚರಮ್ಮನ ಮನೆಯಿಂದ ಅವರಮ್ಮ ಹಾಕಿದ ಮಿಡಿ ಉಪ್ಪಿನಕಾಯಿ, ಆ ಎಣ್ಣೆ ವಾಸನೆ ಡಬ್ಬಿಯಿಂದ ಹೋಗಬೇಕಾದರೆ ನನ್ನ ಪಾಡು ಬೇಡ.

ನನ್ನ ಹತ್ತಿರ ಇದ್ದ ಕಾಯಿ ಮುಗಿಯುತ್ತಾ ಬಂದಿದೆ. ಅಂಗಡಿಯಲ್ಲಿ ಗಾಜಿನ ನಳಿಗೆಯಲ್ಲಿ ಎರಡೇ ಎರಡು ಕಾಯಿ ಇಟ್ಟು ಹೇಳುವ ರೇಟು ಕೇಳಿದರೆ ತಲೆ ತಿರುಗುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಯಾರ ಹಿತ್ತಲಲ್ಲಾದರೂ ಆ ಕಾಲದ ಬಳ್ಳಿ ಒಂದೆರಡು ಸಾಯದೆ ಉಳಿದಿದ್ದರೆ ದಯವಿಟ್ಟು ತಿಳಿಸಿ. ಹೂ ಬಂದಾಗ ಕಡ್ಡಿ ಹಿಡಿದುಕೊಂಡು ನಾನೇ ಬರುತ್ತೇನೆ, ಕೂಲಿ ಬೇಡ, ಕಾಯಿಯಲ್ಲಿ ಪಾಲು ಕೊಟ್ಟರೆ ಸಾಕು. ಬರುವಾಗ ಬಿಸ್ಕತ್ ತರುತ್ತೇನೆ.